ಗಂಗೆಗೆ ಹೋಗುವ ಕಾಗದಕ್ಕೆ ಎರಡು ಸಹಿ

ಕಳೆದ ಭಾನುವಾರ ಮನೆಗೆ ಬಂದ ಮಗಳು ನಮ್ಮ ಕಿಟಕಿಗಳನ್ನು ನೋಡಿ ಮುಖ ಸಿಂಡರಿಸಿ, ಬೀದಿ ಕೊನೆಯ ಅಂಗಡಿಯಿಂದ ಗಾಜು ಒರೆಸುವ ನೀಲಿ ನೀರಿನ ಬಾಟಲಿ ತಂದು ಕೆಲಸಕ್ಕೆ ನಿಂತಳು. ಎರಡು ಸಲ ಚಿಮುಕಿಸಿದಳೋ ಇಲ್ಲವೋ, ಅದರ ವಾಸನೆ ನಡುಮನೆ ದಾಟಿ ಅಡುಗೆಮನೆಗೆ ಬಂತು. ನಾನು ಒಗ್ಗರಣೆಯ ಸೌಟು ಹಿಡಿದುಕೊಂಡೇ ಹೊರಗೆ ಬಂದು, "ಪ್ರಿಂಟ್ ರೂಮು" ಎಂದೆ. "ಯಾವ ಪ್ರಿಂಟ್ ರೂಮಮ್ಮ?" ಎಂದಳು ಮಗಳು. ಅಷ್ಟರಲ್ಲಿ ಒಳಗೆ ಸಾಸಿವೆ ಸೀದು ಹೋಗಿತ್ತು.

ನಿಮ್ಮಲ್ಲಿ ಯಾರಾದರೂ ತೊಂಬತ್ತರ ದಶಕದಲ್ಲಿ ಡ್ರಾಯಿಂಗ್ ಆಫೀಸಿನಲ್ಲಿ ದುಡಿದವರಿದ್ದರೆ ಈ ವಾಸನೆ ಹೇಳದೆಯೇ ಗೊತ್ತಾಗುತ್ತದೆ. ಆಗ ನಾನು ವಿಮಾನಪುರದ ಕಾರ್ಖಾನೆಯಲ್ಲಿ ಟ್ರೇಸರ್ ಆಗಿದ್ದೆ. ಇಂಜಿನಿಯರುಗಳು ಪೆನ್ಸಿಲಿನಲ್ಲಿ ಎಳೆದ ಗೆರೆಗಳನ್ನು ಶಾಯಿಯಲ್ಲಿ ತಿದ್ದಿ ಎಳೆಯುವುದು ನನ್ನ ಕೆಲಸ. ಹಾಗೆ ಎಳೆದ ಹಾಳೆಯ ಪ್ರತಿ ಪ್ರಿಂಟ್ ರೂಮಿನ ಅಮೋನಿಯಾ ಯಂತ್ರದಿಂದ ಬೆಚ್ಚಗೆ, ತುಸು ಒದ್ದೆಯಾಗಿ, ಕಣ್ಣು ಉರಿಸುತ್ತಾ ಹೊರಬರುತ್ತಿತ್ತು. ಹದಿನಾಲ್ಕು ವರ್ಷದಿಂದ ನಾನು ವಿಮಾನದ ರೆಕ್ಕೆಯ ಗೆರೆ ಎಳೆಯುತ್ತಿದ್ದೆ. ವಿಮಾನ ಹತ್ತಿರಲಿಲ್ಲ. ಮದುವೆಗೆ ಮುಂಚೆ ಮಾಲೂರು, ಆಮೇಲೆ ಮಾರತ್ತಹಳ್ಳಿ, ನಡುವೆ ತಿರುಪತಿಗೆ ಎರಡು ಸಲ. ನನ್ನ ಲೋಕಸಂಚಾರ ಅಷ್ಟಕ್ಕೇ ಮುಗಿದಿತ್ತು.

ಆ ವಾಸನೆಯ ಜೊತೆಗೆ ನನಗೆ ನೆನಪಾದದ್ದು ವಿಮಾನದ ರೆಕ್ಕೆಯಲ್ಲ, ಪಾಟೀಲರ ಒಂದು ಹಾಳೆ. ಪಾಟೀಲರು ಪಕ್ಕದ ಪ್ಲಾನಿಂಗ್ ವಿಭಾಗದ ಹಿರಿಯರು, ಬಾಗಲಕೋಟೆ ಕಡೆಯವರು. ಒಂದು ಸಣ್ಣ ತಗಡಿನ ತುಂಡಿನಿಂದ ವಿಮಾನದ ಭಾಗವಾಗುವವರೆಗೆ ಯಾವ ಕೆಲಸ ಮೊದಲು, ಯಾವುದು ಆಮೇಲೆ, ಯಾವ ಯಂತ್ರದಲ್ಲಿ, ಯಾರು ನೋಡಿ ಮುದ್ರೆ ಒತ್ತಬೇಕು ಎಂದು ಸಾಲಾಗಿ ಬರೆಯುವ ಪ್ರೋಸೆಸ್ ಶೀಟು ಅವರ ವೇದ. ಅದರಲ್ಲಿ ಕೆಲಸಗಳಿಗೆ ಒಂದು, ಎರಡು, ಮೂರು ಎಂದು ಸಂಖ್ಯೆ ಹಾಕುವುದಿಲ್ಲ. ಹತ್ತು, ಇಪ್ಪತ್ತು, ಮೂವತ್ತು. ಯಾಕೆ ಸರ್ ಹೀಗೆ ಎಂದು ಒಮ್ಮೆ ಕೇಳಿದ್ದೆ. "ಮನಶ್ಯಾ ಮರೀತಾನ್ರೀ ಮೇಡಂ," ಎಂದರು. "ಮರತದ್ದು ನೆನಪಾದಾಗ ನಡುವ ತುರುಕಾಕ ಜಾಗಾ ಬೇಕಲ್ಲ." ಮಗಳ ಮದುವೆಯನ್ನೂ ಅವರು ಶೀಟು ಹಾಕಿಯೇ ಮಾಡಿದ್ದರು. ಬೀಗರು ಮುನಿಸಿಕೊಳ್ಳುವುದಕ್ಕೆ ಎಪ್ಪತ್ತೈದನೆಯ ನಂಬರು ಕೊಟ್ಟಿದ್ದರು ಎಂದು ಕ್ಯಾಂಟೀನಿನಲ್ಲಿ ಹೇಳುತ್ತಿದ್ದರು. ನಿಜವೋ ಸುಳ್ಳೋ, ನನಗಂತೂ ನಂಬಿಕೆಯಿದೆ.

ಇಂಥ ಪಾಟೀಲರು ಒಂದು ಚಳಿಗಾಲದ ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತಾ, ಗಂಗಾನದಿಯಲ್ಲಿ ರಾಫ್ಟಿಂಗ್ ಮಾಡಲು ಹೋಗೋಣವೇ ಎಂದರು. ಅವರ ತಮ್ಮ ಸೈನ್ಯದಲ್ಲಿದ್ದು ಹೃಷೀಕೇಶದ ಮೇಲಿನ ಬೆಟ್ಟಗಳಲ್ಲಿ ರಬ್ಬರ್ ದೋಣಿಯಲ್ಲಿ ಇಳಿದು ಬಂದಿದ್ದನಂತೆ. ಫೋಟೋ ತೋರಿಸಿದರು. ಬಿಳಿ ನೊರೆಯ ಗೋಡೆ, ಅದರ ನೆತ್ತಿಯ ಮೇಲೆ ಅರ್ಧ ಕಾಣುವ ದೋಣಿ, ದೋಣಿಯಲ್ಲಿ ಬಾಯಿ ತೆರೆದ ಆರು ಮುಖ. ಹೆದರಿ ಬಾಯಿ ತೆರೆದಿದ್ದರೋ ನಕ್ಕಿದ್ದರೋ ತಿಳಿಯುವಂತಿರಲಿಲ್ಲ. ನಾಲ್ಕು ಗಂಡಸರು ತಕ್ಷಣ ಹೂಂ ಎಂದರು. ಪಾಟೀಲರೂ ಸೇರಿ ಐದಾಯಿತು. ದೋಣಿಗೆ ಆರು ಜನ ಬೇಕು.

ನಾನು ಕೈ ಎತ್ತಿದೆ. ಯಾಕೆ ಎತ್ತಿದೆ ಎಂದು ಈಗಲೂ ಸರಿಯಾಗಿ ಹೇಳಲಾರೆ. ಆಗ ನನಗೆ ಮೂವತ್ತೈದು, ಮಗಳಿಗೆ ಎಂಟು. ಮನೆಯಲ್ಲಿ ಯಾರೂ ನನ್ನನ್ನು ಗೋಳು ಹುಯ್ದುಕೊಂಡವರಲ್ಲ. ಆದರೆ ಕೈ ಒಂದಿಷ್ಟೂ ನಡುಗದಂತೆ ಗೆರೆ ಎಳೆಯುವುದರಲ್ಲೇ ಹದಿನಾಲ್ಕು ವರ್ಷ ಕಳೆದವಳಿಗೆ, ಒಮ್ಮೆಯಾದರೂ ಮೈಯೆಲ್ಲ ನಡುಗುವ ಕಡೆ ಕೂರಬೇಕು ಅನಿಸಿದ್ದರೆ ನೀವು ಆಶ್ಚರ್ಯಪಡುವುದಿಲ್ಲ ಅಂದುಕೊಳ್ಳುತ್ತೇನೆ. ಪಾಟೀಲರ ಹೆಂಡತಿಯೂ ಬರುವವರಿದ್ದರು, ದಡದಲ್ಲಿ ಕೂತು ನೋಡಲು. ಹೀಗಾಗಿ ಮರ್ಯಾದೆಯ ಪ್ರಶ್ನೆ ಏಳಲಿಲ್ಲ.

ಮಾರ್ಚಿಗೆ ಹೊರಡುವುದೆಂದು ತೀರ್ಮಾನವಾಯಿತು. ಅಲ್ಲಿಂದ ನಮ್ಮ ತಯಾರಿ ನೋಡಬೇಕಿತ್ತು. ಊಟದ ಬಿಡುವಿನಲ್ಲಿ ಕ್ಯಾಂಟೀನಿನ ಎರಡು ಬೆಂಚುಗಳನ್ನು ಎದುರುಬದುರು ಹಾಕಿ, ಎಡಕ್ಕೆ ಮೂವರು, ಬಲಕ್ಕೆ ಮೂವರು ಕೂತು, ಡ್ರಾಯಿಂಗ್ ಸುತ್ತಿಡುವ ರಟ್ಟಿನ ಕೊಳವೆಗಳನ್ನು ಹುಟ್ಟಿನಂತೆ ಹಿಡಿದು ಗಾಳಿಯನ್ನು ಹಿಂದಕ್ಕೆ ತಳ್ಳುತ್ತಿದ್ದೆವು. ಅನ್ನ ಸಾರು ಬಡಿಸುವವರು ನಮ್ಮನ್ನು ದಾಟಿಕೊಂಡು ಹೋಗುತ್ತಿದ್ದರು. ಭಾನುವಾರಗಳಲ್ಲಿ ಹಲಸೂರು ಕೆರೆ. ಅಲ್ಲಿ ಬಾಡಿಗೆ ದೋಣಿ ಸಿಗುತ್ತಿತ್ತು. ಕೆರೆಯ ಪಕ್ಕದ ಬೀದಿಯಲ್ಲೇ ಇದ್ದ ಮಾಣಿಕ್ಯಂ ಎಂಬ ನಿವೃತ್ತ ಹವಾಲ್ದಾರರು ನಮಗೆ ಗುರುಗಳು. ಸೈನ್ಯದಲ್ಲಿ ನದಿಗಳಿಗೆ ಸೇತುವೆ ಕಟ್ಟಿದವರು. ದಡದಲ್ಲಿ ನಿಂತು ನನ್ನನ್ನು ನೋಡಿ, "ಮೇಡಂ, ಏನದು, ಸಾಂಬಾರ್ ಕಲಕ್ತಾ ಇದೀರಾ? ತಳ್ಳುಂಗ, ನೀರನ್ನ ತಳ್ಳುಂಗ" ಎನ್ನುತ್ತಿದ್ದರು. ಎಲೆಯೊಂದು ಬಿದ್ದರೆ ಬಿದ್ದಲ್ಲೇ ನಿಲ್ಲುವಂಥ ಆ ನೀರಿನಲ್ಲಿ ನಾವು ಹಿಮಾಲಯದ ಹೊಳೆಯನ್ನು ಕಲಿತೆವು. ಬಾತುಕೋಳಿಗಳು ನಮ್ಮನ್ನು ಆರಾಮವಾಗಿ ಹಿಂದೆ ಹಾಕಿದವು.

ಈ ಮಧ್ಯೆ ಪಾಟೀಲರ ಶೀಟು ಸಿದ್ಧವಾಗಿತ್ತು. ಮನೆಯ ಹಿರಿಯರಿಗೂ ತಿಳಿಯಲಿ ಎಂದು ಕನ್ನಡದಲ್ಲಿಯೇ, ದುಂಡಗೆ ತಮ್ಮ ಕೈಯಾರೆ ಬರೆದು, ಅಮೋನಿಯಾ ಪ್ರಿಂಟು ತೆಗೆಸಿ ಆರು ಜನಕ್ಕೂ ಹಂಚಿದರು. ಹತ್ತು: ರಜೆ. ಇಪ್ಪತ್ತು: ವೈದ್ಯರ ತಪಾಸಣೆ. ಮೂವತ್ತು: ದೋಣಿ ಅಭ್ಯಾಸ. ನಲವತ್ತು: ಮನೆಯ ಯಜಮಾನರ ಒಪ್ಪಿಗೆ, ಸಹಿಯೊಂದಿಗೆ. ಐವತ್ತು: ರೈಲು ರಿಸರ್ವೇಷನ್. ನಲವತ್ತರ ಕೆಳಗೆ ನಾಲ್ಕು ಸಾಲು ಬರೆದಿದ್ದರು. ನದಿಯ ಹರಿವು ಬಹಳ ರಭಸದ್ದು, ನಡುವೆ ಬಂಡೆಗಳಿವೆ, ದೋಣಿ ಮಗುಚುವ ಸಾಧ್ಯತೆ ಇದೆ, ನೀರಿಗೆ ಬಿದ್ದವರಿಗೆ ಪೆಟ್ಟಾಗಬಹುದು ಅಥವಾ ಪ್ರಾಣಕ್ಕೂ ಅಪಾಯವಾಗಬಹುದು. ಇದನ್ನು ಓದಿ ತಿಳಿದು ಒಪ್ಪಿದ್ದೇನೆ. ನಲವತ್ತು ಮುಗಿಯದೆ ಐವತ್ತಿಲ್ಲ ಎಂದು ಪಾಟೀಲರು ಕಡ್ಡಿ ಮುರಿದಂತೆ ಹೇಳಿದರು. "ಮನ್ಯಾಗ ಸುಳ್ಳ ಹೇಳಿ ಯಾರೂ ಬರಬ್ಯಾಡ್ರಿ. ನೀರಿಗೆ ಇಳಿಯೂ ಮುಂದ ತಲಿ ಹಗುರ ಇರಬೇಕು."

ಉಳಿದವರಿಗೆ ಅದು ಒಂದು ಸಂಜೆಯ ಕೆಲಸ. ನನ್ನದು ಬೇರೆ. ನನ್ನ ಗಂಡ ಕೇಳಿದ ಕೂಡಲೇ ಪೆನ್ನು ತೆಗೆದರು, ನಿಜ. ಆದರೆ ನಮ್ಮ ಮನೆಯ ಯಜಮಾನರು ಅವರಲ್ಲ, ಅವರ ತಾಯಿ ಮುನಿತಾಯಮ್ಮ. ಅದನ್ನು ಅವರೇ ನೆನಪಿಸಿ ಪೆನ್ನು ಮುಚ್ಚಿ ಜೇಬಿಗಿಟ್ಟುಕೊಂಡರು.

ನನ್ನ ಅತ್ತೆಯ ಬಗ್ಗೆ ಒಂದು ವಿಷಯ ಹೇಳದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮಾವ ತೀರಿಕೊಂಡ ವರ್ಷ, ಅತ್ತೆಯ ಭಾವನ ಮಗ ಒಂದು ಕಾಗದ ತಂದು, ಎದುರಿಗೇ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ. ಕಂದಾಯದ ಕಾಗದ ಅಂದಿದ್ದ. ಕಾಗದದಲ್ಲಿ ಇದ್ದದ್ದು ಬಾವಿ ಸಮೇತ ದೊಡ್ಡ ಹೊಲದ ಮಾರಾಟ. "ಓದೋಕೆ ಬರ್ದೇ ಇರೋನಲ್ಲ ಕಣಮ್ಮ, ಚೆನ್ನಾಗೇ ಓದ್ದೋನು. ನನ್ ಮಕ ನೋಡ್ಕಂಡು ಇಲ್ದೇ ಇರೋದ ಓದ್ದ" ಎಂದು ಅವರು ಈ ಕಥೆಯನ್ನು ನನಗೆ ಎಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ. ಆಮೇಲೆ ಅವರು ಹೆಬ್ಬೆಟ್ಟು ಬಿಟ್ಟು, ತಮ್ಮ ಹೆಸರಿನ ಐದು ಅಕ್ಷರ ಮಾತ್ರ ಬರೆಯಲು ಕಲಿತರು. ಮನೆಗೆ ಯಾವ ಕಾಗದ ಬಂದರೂ, ಕರೆಂಟಿನ ಬಿಲ್ಲಾದರೂ ಸರಿ, ಮೊದಲಿಂದ ಕೊನೆಯವರೆಗೆ ಓದಿ ಹೇಳಿಸಿಕೊಳ್ಳದೆ ಅದನ್ನು ಒಳಗಿಡುತ್ತಿರಲಿಲ್ಲ. ನಾನು ಸೊಸೆಯಾಗಿ ಬಂದ ಮೇಲೆ ಓದುವ ಕೆಲಸ ನನ್ನದಾಯಿತು. ಸ್ವಂತ ಮಗನಿಗೂ ಕೊಡದ ಕೆಲಸ ಅದು. "ಅವ್ನು ಅರ್ಧ ನುಂಗ್ತಾನೆ, ನೀನು ಓದು" ಎನ್ನುತ್ತಿದ್ದರು. ಸಂಜೆ ಕಾರ್ಖಾನೆಯಿಂದ ಬಂದು ಕಾಫಿ ಕುಡಿದ ಮೇಲೆ ಅರ್ಧ ಗಂಟೆ ಅವರ ಪಕ್ಕ ಕೂತು ಪತ್ರಿಕೆಯಿಂದ ಹಿಡಿದು ಮದುವೆ ಕರೆಯೋಲೆಯವರೆಗೆ ಎಲ್ಲವನ್ನೂ ಓದುತ್ತಿದ್ದೆ. ಆ ಮನೆಯಲ್ಲಿ ನನಗೆ ಸಿಕ್ಕಿದ್ದ ಅತಿ ದೊಡ್ಡ ಪದವಿ ಅದು, ನನಗದು ಗೊತ್ತೂ ಇತ್ತು.

ಅಂಥವರ ಎದುರು ಪಾಟೀಲರ ಹಾಳೆ ಹಿಡಿದು ಕೂತೆ. ಹತ್ತು, ಇಪ್ಪತ್ತು, ಮೂವತ್ತು ಸರಾಗವಾಗಿ ಓದಿದೆ. ನಲವತ್ತಕ್ಕೆ ಬಂದಾಗ ‘ಪ್ರಾಣಕ್ಕೂ’ ಎಂಬ ಪದ ದೂರದಿಂದಲೇ ಕಾಣಿಸಿತು. ಇವರು ಒಪ್ಪುವುದಿಲ್ಲ, ಆರನೆಯ ಜಾಗಕ್ಕೆ ಬೇರೆ ಯಾರೋ ಕೂರುತ್ತಾರೆ, ನಾನು ಮತ್ತೆ ಗೆರೆ ಎಳೆಯುತ್ತೇನೆ. ಅಷ್ಟು ಯೋಚಿಸಿದ್ದು ನೆನಪಿದೆ. ಆಮೇಲೆ ನನ್ನ ಬಾಯಿಂದ ಬಂದದ್ದು ಇದು: ಗಂಗಾನದಿಯಲ್ಲಿ ಪುಣ್ಯಸ್ನಾನ ಮಾಡುವುದು, ದೋಣಿಯಲ್ಲಿ ಆಚೆ ದಡದ ದೇವಸ್ಥಾನಕ್ಕೆ ಹೋಗಿ ಪೂಜೆ ಸಲ್ಲಿಸುವುದು, ಹೆಂಗಸರಿಗೆ ಪ್ರತ್ಯೇಕ ವಸತಿ ಇದೆ, ಇದನ್ನು ಓದಿ ತಿಳಿದು ಒಪ್ಪಿದ್ದೇನೆ. ಒಂದು ಕಡೆಯೂ ತಡವರಿಸಲಿಲ್ಲ. ನನ್ನೊಳಗೆ ಇಂಥ ಪುರಾಣಿಕಳಿದ್ದಾಳೆಂದು ನನಗೇ ಗೊತ್ತಿರಲಿಲ್ಲ. ಅತ್ತೆ ಕಣ್ಣು ಮುಚ್ಚಿ ಕೈ ಮುಗಿದರು. ಪೆನ್ನು ಈಸಿಕೊಂಡು, ನಾಲಿಗೆಯ ತುದಿ ಹಲ್ಲಿನ ನಡುವೆ ಕಚ್ಚಿ, ಐದು ಅಕ್ಷರ ಬರೆದರು.

ಗೆದ್ದೆ ಅಂದುಕೊಂಡಿರಾ? ಬೆಳಿಗ್ಗೆ ಹೊತ್ತಿಗೆ ಸುದ್ದಿ ಬೀದಿ ತುಂಬಿತ್ತು. ಆಫೀಸಿನವರ ಜೊತೆ ಸೊಸೆ ಗಂಗಾಸ್ನಾನಕ್ಕೆ ಹೊರಟಿದ್ದಾಳೆ. ಎದುರುಮನೆಯಾಕೆ ಗಂಗೆಗೆ ಬಾಗಿನ ಕೊಡಲು ಮೊರ, ಅರಿಶಿನ, ಕುಂಕುಮ, ಬಳೆ ಕಟ್ಟಿಕೊಟ್ಟಳು. ಮೂಲೆಮನೆಯ ಅಜ್ಜ, ನನ್ನ ಹೆಸರಲ್ಲೊಂದು ಮುಳುಗು ಹಾಕಮ್ಮ ಎಂದರು. ಗಂಗಾಜಲಕ್ಕೆ ಒಬ್ಬೊಬ್ಬರೂ ಒಂದೊಂದು ಚೊಂಬು ತಂದಿಟ್ಟರು. ವಾರದೊಳಗೆ ನಮ್ಮ ಜಗಲಿ ಪಾತ್ರೆ ಅಂಗಡಿಯಾಯಿತು. ಇಷ್ಟನ್ನೂ ರಬ್ಬರ್ ದೋಣಿಯಲ್ಲಿ ಎಲ್ಲಿಡಲಿ ಎಂದು ಒಬ್ಬಳೇ ಯೋಚಿಸಿ ನಗು ಬರುತ್ತಿತ್ತು. ಆದರೆ ಆ ಹಾಳೆಯನ್ನು ನಾನು ಪಾಟೀಲರಿಗೆ ಕೊಡಲಿಲ್ಲ. ದಿನಾ ಬೆಳಿಗ್ಗೆ ಅವರು ಕೇಳುವುದು, "ಮರೆತು ಬಂದೆ ಸರ್" ಎಂದು ನಾನು ಹೇಳುವುದು. ಹಾಳೆ ಬ್ಯಾಗಿನಲ್ಲೇ ಇತ್ತು. ತೆಗೆದು ಕೊಡಲು ಕೈ ಬರುತ್ತಿರಲಿಲ್ಲ.

ಹನ್ನೊಂದನೆಯ ದಿನ ಭಾನುವಾರ. ಅವರೆಕಾಯಿಯ ಕಾಲ. ಅತ್ತೆ ಹಿತ್ತಲ ಬಾಗಿಲಲ್ಲಿ ನೆನೆಸಿದ ಅವರೆಕಾಳಿನ ಮುಂದೆ ಕೂತು ಸಿಪ್ಪೆ ಹಿತುಕುತ್ತಿದ್ದರು. ಪಕ್ಕದಲ್ಲಿ ಎದುರುಮನೆಯಾಕೆ. ನಾನು ಒಳಗೆ ಬಟ್ಟೆ ಮಡಚುತ್ತಿದ್ದೆ. ಎದುರುಮನೆಯಾಕೆ, "ಅಷ್ಟು ದೂರ ಕಳಿಸ್ತೀರಲ್ಲಕ್ಕಾ, ಏನು ಎತ್ತ ಅಂತ ವಿಚಾರಿಸಿದ್ರಾ?" ಎಂದಳು. ಅತ್ತೆಯ ದನಿಯಲ್ಲಿ ಹೆಮ್ಮೆಯಿತ್ತು. "ನಾನೇನು ಹಂಗೇ ಸೈನ್ ಹಾಕ್ತೀನಾ? ಒಂದಕ್ಷರ ಬಿಡ್ದಂಗೆ ಓದಿಸ್ಕಂಡೇ ಹಾಕಿದ್ದು. ನಮ್ ಸೊಸೆ ಓದೋದು ಅಂದ್ರೆ ಹಂಗೆ."

ಮಡಚುತ್ತಿದ್ದ ಸೀರೆ ಕೈಯಲ್ಲೇ ಉಳಿಯಿತು. ಅವರ ಭಾವನ ಮಗನಿಗೂ ನನಗೂ ಏನು ವ್ಯತ್ಯಾಸ? ಅವನು ಹೊಲಕ್ಕಾಗಿ ಓದಿದ, ನಾನು ಹೊಳೆಗಾಗಿ ಓದಿದೆ. ಅಷ್ಟೇ.

ಎದುರುಮನೆಯಾಕೆ ಹೋಗುವವರೆಗೂ ಕಾದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಗಂಡ ಮಗಳನ್ನು ಕರೆದುಕೊಂಡು ಸಂತೆಗೆ ಹೋಗಿದ್ದರು. ಬ್ಯಾಗಿನಿಂದ ಹಾಳೆ ತೆಗೆದು ಅತ್ತೆಯ ಮುಂದೆ ಕೂತು, "ಅತ್ತೆ, ಅವತ್ತು ನಾನು ಸರಿಯಾಗಿ ಓದ್ಲಿಲ್ಲ" ಎಂದೆ.

ಅವರ ಬೆರಳು ನಿಲ್ಲಲಿಲ್ಲ. ಒಂದೊಂದೇ ಕಾಳು ಸಿಪ್ಪೆಯಿಂದ ಜಾರಿ ತಟ್ಟೆಗೆ ಬೀಳುತ್ತಿತ್ತು. "ಈಗ ಓದು" ಎಂದರು.

ಓದಿದೆ. ರಭಸ, ಬಂಡೆ, ಮಗುಚುವುದು, ಪೆಟ್ಟು, ಪ್ರಾಣ. ಅವರು ಕೊನೆಯವರೆಗೂ ಕೇಳಿ, "ಬಿದ್ರೆ?" ಎಂದರು.

"ಜಾಕೆಟ್ ಕೊಡ್ತಾರೆ ಅತ್ತೆ. ತೇಲ್ತದೆ."

"ನಮ್ಗೆ ಸೋರೆ ಬುರುಡೆ ಕಟ್ತಿದ್ರು. ಆ ಬಾವೀಲೇ ನಾನು ಈಜು ಕಲ್ತಿದ್ದು, ನಿಮ್ ಮಾವನ್ಗಿಂತ ಮುಂಚೆ." ಕೈ ನಿಲ್ಲಿಸಿ ನನ್ನನ್ನು ನೋಡಿದರು. "ನೀರು ಅಂದ್ರೆ ನಂಗೆ ಏನು ಭಯ? ಕೇಳಿದ್ರೆ ಹೂಂ ಅಂತಿದ್ದೆ."

ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಕೇಳಿದ್ದರೆ ಕೊಡುತ್ತಿದ್ದವರಿಂದ ನಾನು ಕದ್ದಿದ್ದೆ.

"ಆ ಸೈನು ಸ್ನಾನಕ್ಕೆ ಹಾಕಿದ್ದು, ಇದಕ್ಕಲ್ಲ. ಹೊಡೆದಾಕು" ಎಂದರು. ನಮ್ಮ ಕಾರ್ಖಾನೆಯಲ್ಲಿ ತಪ್ಪು ಬರೆದರೆ ಅದನ್ನು ಉಜ್ಜಿ ಅಳಿಸುವಂತಿಲ್ಲ, ಮಸಿ ಬಳಿಯುವಂತಿಲ್ಲ. ಒಂದೇ ಒಂದು ಗೆರೆ ಎಳೆದು, ತಪ್ಪು ಏನೆಂದು ಓದಲು ಬರುವಂತೆ ಉಳಿಸಿ, ಹೊಡೆದವರು ಪಕ್ಕದಲ್ಲಿ ತಮ್ಮ ಹೆಸರಿನ ಮೊದಲ ಅಕ್ಷರ ಹಾಕಬೇಕು. ನಾನು ಹಾಗೆಯೇ ಮಾಡಿದೆ. ಹದಿನಾಲ್ಕು ವರ್ಷದಲ್ಲಿ ನಾನು ಎಳೆದ ಅತಿ ಸೊಟ್ಟಗಿನ ಗೆರೆ ಅದು. ಅತ್ತೆ ಅವರೆಕಾಳಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅದರ ಕೆಳಗೆ ಮತ್ತೆ ಐದು ಅಕ್ಷರ ಬರೆದರು. ಬರೆದು ಪೆನ್ನು ನನ್ನ ಕೈಗೆ ಕೊಡುತ್ತಾ, ಒಂದಿಷ್ಟೂ ಸಿಟ್ಟಿಲ್ಲದ ದನಿಯಲ್ಲಿ, "ಇನ್ಮೇಲೆ ನೀನು ಓದ್ಬ್ಯಾಡ" ಎಂದರು.

ಬೈದಿದ್ದರೆ ಒಂದೆರಡು ದಿನ ಅತ್ತು ಸುಧಾರಿಸಿಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ಮಾತು ಬಿಡಲಿಲ್ಲ, ಊಟ ಬಿಡಲಿಲ್ಲ. ಸಂಜೆ ನಾನು ಕಾಫಿ ಕುಡಿದು ಅಭ್ಯಾಸಬಲದಿಂದ ಪಕ್ಕಕ್ಕೆ ಹೋಗಿ ಕೂತರೆ, ಪತ್ರಿಕೆಯನ್ನು ಮಡಚಿ ಆ ಕಡೆ ಇಟ್ಟುಕೊಳ್ಳುತ್ತಿದ್ದರು. ಮೂರನೆಯ ದಿನ ಮಗಳ ಒಂದನೇ ಕ್ಲಾಸಿನ ಹಳೆಯ ಪುಸ್ತಕ ಅಟ್ಟದಿಂದ ಕೆಳಗಿಳಿಯಿತು. ಅಜ್ಜಿ ಕಾಲು ನೀಡಿ ಕೂತು ಅ, ಆ ತಿದ್ದುವುದು, ಮೊಮ್ಮಗಳು ಟೀಚರಮ್ಮನಂತೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುವುದು. ಬೀದಿಯವರು ಬಂದು ನೋಡಿ ಸಂತೋಷಪಟ್ಟರು. ಅರವತ್ತರ ಮೇಲೆ ಎಂಥ ಹುಮ್ಮಸ್ಸು ಎಂದರು. ಆ ಹುಮ್ಮಸ್ಸಿನ ಕಾರಣ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದಾಳೆಂದು ಯಾರಿಗೂ ಗೊತ್ತಿರಲಿಲ್ಲ.

ಹಾಳೆಯನ್ನು ಪಾಟೀಲರಿಗೆ ಕೊಟ್ಟೆ. ಹೊಡೆದ ಸಹಿ, ನನ್ನ ಅಕ್ಷರ, ಹೊಸ ಸಹಿ ಮೂರನ್ನೂ ಕನ್ನಡಕ ಸರಿಮಾಡಿಕೊಂಡು ನೋಡಿದರು. ಏನೂ ಕೇಳಲಿಲ್ಲ. ಪ್ಲಾನಿಂಗಿನಲ್ಲಿ ಅಷ್ಟು ವರ್ಷ ಕೂತವರಿಗೆ ಅಷ್ಟು ಓದಲು ಬರುತ್ತದೆ. "ಚಲೋ ಆತು. ಐವತ್ತಕ್ಕ ಹೋಗೂಣು" ಎಂದರು.

ಹೊಳೆಯ ಬಗ್ಗೆ ಹೇಳದೆ ಬಿಟ್ಟರೆ ನೀವು ನನ್ನನ್ನು ಕ್ಷಮಿಸುವುದಿಲ್ಲ. ಆದರೆ ತಿಂಗಳುಗಟ್ಟಲೆ ತಯಾರಿ ಮಾಡಿದ್ದು ಎಷ್ಟು ಬೇಗ ಮುಗಿದುಹೋಗುತ್ತದೆ! ನೀರು ಹಸಿರಾಗಿತ್ತು, ನಂಬಲಾಗದಷ್ಟು ತಣ್ಣಗಿತ್ತು. ಹಲಸೂರು ಕೆರೆಯಲ್ಲಿ ಕಲಿತದ್ದೆಲ್ಲ ಮೊದಲ ಅಲೆಗೇ ತೊಳೆದುಹೋಯಿತು. ಅತಿ ದೊಡ್ಡ ಸೆಳವಿನಲ್ಲಿ ದೋಣಿ ಮುಂಭಾಗ ಎತ್ತಿ ನೆಟ್ಟಗೆ ನಿಂತಾಗ ನನಗೆ ಕಂಡದ್ದು ಆಕಾಶ, ಆಮೇಲೆ ನೀರು, ಮತ್ತೆ ಆಕಾಶ. ಆಮೇಲೆ ಯಾರೋ ಗಟ್ಟಿಯಾಗಿ ನಗುತ್ತಿರುವುದು ಕೇಳಿಸಿತು. ಅದು ನಾನೇ. ಆರು ಜನರಲ್ಲಿ ಒಬ್ಬರೂ ಬೀಳಲಿಲ್ಲ. ಬಿದ್ದದ್ದು ಆಮೇಲೆ, ನೀರು ಸಮತಟ್ಟಾಗಿ ಹರಿಯುವ ಕಡೆ. ಪಾಟೀಲರು ದಡದಲ್ಲಿ ಕೂತಿದ್ದ ಹೆಂಡತಿಗೆ ಕೈ ಬೀಸಲು ಎದ್ದು ನಿಂತು, ಹಾಗೆಯೇ ಹಿಂದಕ್ಕೆ ಮಗುಚಿದರು. ಅವರ ಜಾಕೆಟ್ಟಿನ ಹೆಗಲಪಟ್ಟಿ ಹಿಡಿದು ಒಳಗೆಳೆದವಳು ನಾನು. ಮೀಸೆಯಿಂದ ಗಂಗೆ ಇಳಿಯುತ್ತಿರಲು, ಕೂತು ಉಸಿರೆಳೆದುಕೊಂಡು, "ಇದು ಶೀಟಿನ್ಯಾಗ ಇರಲಿಲ್ಲ ನೋಡ್ರಿ" ಎಂದರು. ಸಂಜೆ ಡೇರೆಯ ಮುಂದೆ ಕೂತು ಹಾಳೆ ತೆಗೆದು, ಎಪ್ಪತ್ತು ಮತ್ತು ಎಂಬತ್ತರ ನಡುವೆ ಎಪ್ಪತ್ತೆರಡು ಎಂದು ಬರೆದು ಸೇರಿಸಿದರು: ಕೈ ಬೀಸುವುದಾದರೆ ಕೂತು ಬೀಸುವುದು.

ಬಾಗಿನ ಬಿಟ್ಟೆ. ಮೂಲೆಮನೆ ಅಜ್ಜನ ಹೆಸರಲ್ಲಿ ಮುಳುಗು ಹಾಕಿದೆ, ಹಲ್ಲು ಕಟಕಟ ಎನ್ನುತ್ತಿತ್ತು. ಎಲ್ಲರ ಚೊಂಬಿಗೂ ಆಗುವಷ್ಟು ನೀರನ್ನು ಎರಡು ದೊಡ್ಡ ಕ್ಯಾನುಗಳಲ್ಲಿ ಹೊತ್ತು ತಂದೆ. ಹೊರಡುವ ಮುಂಚೆ ಅತ್ತೆ ಹೇಳಿದ್ದರು, "ಸ್ನಾನ ಅಂತ ಹೇಳಾಗೈತೆ. ಅದನ್ನೂ ಮಾಡ್ಬುಟ್ ಬಾ. ಮಾತು ಸುಳ್ಳಾಗ್ಬಾರ್ದು." ಬಂದ ಮೇಲೆ ಅವರ ಪಕ್ಕ ಕೂತು ಹೊಳೆಯ ಕಥೆಯೆಲ್ಲ ಹೇಳಿದೆ. ದೋಣಿ ನೆಟ್ಟಗೆ ನಿಂತದ್ದನ್ನು ಎರಡು ಸಲ ಹೇಳಿಸಿಕೊಂಡರು. ಪಾಟೀಲರು ಬಿದ್ದದ್ದಕ್ಕೆ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನಾನು ಧೈರ್ಯ ಬಂದು, ಅಂಚೆಯಲ್ಲಿ ಬಂದಿದ್ದ ಒಂದು ಮದುವೆ ಕಾಗದ ಎತ್ತಿಕೊಂಡೆ. ಅವರು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡು, "ಇಡು, ನಾನೇ ನೋಡ್ತೀನಿ" ಎಂದರು. ಒಂದೊಂದೇ ಅಕ್ಷರ ಕೂಡಿಸಿ, ಒಂದು ಗಂಟೆ ಓದಿದರು.

ಹೀಗೆಯೇ ವರ್ಷಗಳು ಹೋದವು. ನಮ್ಮ ಬೀದಿಯಾಚೆ ರಿಂಗ್ ರಸ್ತೆ ಬಂತು, ಸೇತುವೆ ಬಂತು, ಬಾವಿಯಿದ್ದ ಹೊಲದಲ್ಲಿ ಆರು ಅಂತಸ್ತಿನ ಮನೆಗಳು ಎದ್ದವು. ಪ್ರಿಂಟ್ ರೂಮು ಮುಚ್ಚಿ ಕಂಪ್ಯೂಟರು ಬಂತು, ಪಾಟೀಲರು ನಿವೃತ್ತರಾಗಿ ಊರಿಗೆ ಹೋದರು. ಅತ್ತೆ ಪತ್ರಿಕೆಯನ್ನು ನನಗಿಂತ ಮುಂಚೆ ಓದಿ ಮುಗಿಸಿ ನನಗೇ ಸುದ್ದಿ ಹೇಳುವಷ್ಟಾದರು. ಅವರಿಗೂ ನನಗೂ ನಡುವೆ ಏನೂ ಕೊರತೆಯಿರಲಿಲ್ಲ. ಹಬ್ಬಕ್ಕೆ ನನಗೆ ಮೊದಲು ಸೀರೆ ತೆಗೆಯುತ್ತಿದ್ದರು, ಜ್ವರ ಬಂದರೆ ರಾತ್ರಿಯೆಲ್ಲ ಪಕ್ಕದಲ್ಲಿ ಕೂರುತ್ತಿದ್ದರು. ಆದರೆ ಒಂದು ಕಾಗದವನ್ನೂ ನನ್ನ ಕೈಗೆ ಕೊಡಲಿಲ್ಲ. ಅದು ನನಗೆ ಎಷ್ಟು ನೋವು ಕೊಡುತ್ತಿತ್ತೆಂದರೆ, ಎರಡು ಸಾವಿರದ ಆಸುಪಾಸಿನಲ್ಲಿ ಕಾರ್ಖಾನೆಯ ಗುಂಪು ಮತ್ತೊಮ್ಮೆ ಹೊಳೆಗೆ ಹೊರಟಾಗ ನಾನು ಬರುವುದಿಲ್ಲ ಎಂದೆ. ಮತ್ತೊಂದು ಹಾಳೆ ಹಿಡಿದು ಅವರ ಮುಂದೆ ನಿಲ್ಲುವ ಶಕ್ತಿ ನನ್ನಲ್ಲಿರಲಿಲ್ಲ.

ಅದಾಗಿ ಐದಾರು ವರ್ಷಕ್ಕೆ ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂತು. ಅಕ್ಷರ ಮಂಜಾಗಿ, ಪತ್ರಿಕೆಯನ್ನು ಮೂಗಿಗೆ ತಾಗಿಸಿಕೊಂಡರೂ ಕಾಣದಾಯಿತು. ಆಗಲೂ ನನ್ನನ್ನು ಕೇಳಲಿಲ್ಲ, ಸುಮ್ಮನೆ ಮಡಚಿಡುತ್ತಿದ್ದರು. ಇಂದಿರಾನಗರದ ಒಂದು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಆಪರೇಷನ್ನಿನ ದಿನ ಬೆಳಿಗ್ಗೆ ಕಣ್ಣಿಗೆ ಔಷಧಿ ಬಿಟ್ಟು ಕೂರಿಸಿದ್ದರು. ನರ್ಸಮ್ಮ ಕನ್ನಡದ ಒಂದು ಒಪ್ಪಿಗೆ ಪತ್ರ ತಂದು, ಬೆರಳಿಟ್ಟು ತೋರಿಸಿ, "ಅಜ್ಜಿ, ಇಲ್ಲೊಂದು ಸೈನ್ ಮಾಡಿ. ಎಲ್ಲರ ಹತ್ರಾನೂ ತಗೊಳ್ತೀವಿ, ಫಾರ್ಮಾಲಿಟಿ ಅಷ್ಟೇ" ಎಂದರು.

ಅತ್ತೆ ಪತ್ರ ಈಸಿಕೊಂಡರು. ಪಕ್ಕದಲ್ಲಿ ಮಗನಿದ್ದ, ಆಗ ಕಾಲೇಜಿಗೆ ಹೋಗುತ್ತಿದ್ದ ಮೊಮ್ಮಗಳಿದ್ದಳು. ಅವರು ಕೈ ಚಾಚಿ, ನನ್ನ ಬಳೆ ತಡವಿ ಗುರುತು ಹಿಡಿದು, ಪತ್ರವನ್ನು ನನ್ನ ಕೈಗಿಟ್ಟರು.

ನಾನು ಓದಲು ಶುರುಮಾಡಿದೆ. ಸೋಂಕಾಗಬಹುದು, ರಕ್ತಸ್ರಾವವಾಗಬಹುದು, ಅಪರೂಪಕ್ಕೆ ದೃಷ್ಟಿ ಪೂರ್ತಿ ಹೋಗಬಹುದು. ಗಂಡ ನನ್ನ ಕಡೆ ನೋಡಿ, ಸಾಕು ಎಂಬಂತೆ ತಲೆಯಾಡಿಸಿದರು. ನರ್ಸಮ್ಮ ಗಡಿಯಾರ ನೋಡಿ, "ಅದೆಲ್ಲ ಓದಿ ಯಾಕಮ್ಮ ಹೆದರಿಸ್ತೀರಾ, ಮುಂದಿನವರು ಕಾಯ್ತಿದಾರೆ" ಎಂದರು.

"ಇರಮ್ಮ," ಎಂದರು ಅತ್ತೆ. "ಅವ್ಳು ಪೂರ್ತಿ ಓದ್ತಾಳೆ."

ಪೂರ್ತಿ ಓದಿದೆ. ಕೊನೆಯಲ್ಲಿದ್ದ ಮುದ್ರಣಾಲಯದ ಹೆಸರನ್ನೂ ಬಿಡಲಿಲ್ಲ.

ಮಗಳಿಗೆ ಕಳೆದ ಭಾನುವಾರ ಇದನ್ನೆಲ್ಲ ಹೇಳಿದೆ. ಅತ್ತೆ ಹೋಗಿ ಒಂಬತ್ತು ವರ್ಷವಾಯಿತು. ಸಹಿಯ ವಿಷಯ ಮಗಳಿಗೆ ಗೊತ್ತಿದೆ ಎಂದೇ ನಾನು ಅಷ್ಟೂ ವರ್ಷ ಅಂದುಕೊಂಡಿದ್ದೆ. ಓದು ಕಲಿಸಿದವಳು ಅವಳಲ್ಲವೇ, ಅಜ್ಜಿ ಕಾರಣ ಹೇಳದೆ ಇರುತ್ತಾರೆಯೇ? ದೊಡ್ಡವಳಾದ ಮೇಲೂ ಅವಳು ಆ ಮಾತೆತ್ತದಿದ್ದದ್ದು ನನ್ನ ಮೇಲಿನ ಮರ್ಯಾದೆಯಿಂದ ಎಂದುಕೊಂಡು, ಅವಳ ಎದುರು ಒಳಗೊಳಗೇ ಕುಗ್ಗಿದ್ದೂ ಉಂಟು. ಅವಳು ಕಿಟಕಿ ಒರೆಸುವುದನ್ನು ಯಾವಾಗಲೋ ನಿಲ್ಲಿಸಿದ್ದಳು.

"ಅಜ್ಜಿ ನಂಗೆ ಹೀಗಂತ ಹೇಳೇ ಇಲ್ಲ" ಎಂದಳು.

"ಮತ್ತೆ ಏನಂತ ಹೇಳಿದ್ರು?"

"‘ನಿಮ್ಮಮ್ಮ ದಿನಾ ದಣಿದು ಬತ್ತಾಳೆ, ಬಂದ್ಮೇಲೂ ನಂಗೆ ಓದಿ ಹೇಳ್ತಾ ಕೂತ್ಕೊತಾಳೆ, ಪಾಪ. ನಾನೇ ಕಲ್ತುಬಿಟ್ರೆ ಅವ್ಳಿಗೆ ಅರ್ಧ ಗಂಟೆ ಬಿಡುವು ಸಿಗ್ತದೆ’ ಅಂತ."

ಒಂದು ಸುಳ್ಳನ್ನು ಅಷ್ಟು ವರ್ಷ ಸಹಿಸಲಾರದೆ ಹೋದವರು, ನನ್ನ ಮಗಳ ಮುಂದೆ ನನ್ನ ಮುಖ ಉಳಿಸಲು ತಾವೇ ಒಂದು ಸುಳ್ಳು ಹೇಳಿದ್ದರು. ಹೇಳಿ, ಕೊನೆಯವರೆಗೂ ಕಾಪಾಡಿದ್ದರು. ಅವರು ನನ್ನನ್ನು ಯಾವಾಗ ಕ್ಷಮಿಸಿದರು ಎಂದು ಆಸ್ಪತ್ರೆಯ ಆ ಬೆಳಿಗ್ಗೆಯಿಂದ ನಾನು ಲೆಕ್ಕ ಹಾಕುತ್ತಿದ್ದೆ. ನನ್ನ ಲೆಕ್ಕ ತಪ್ಪಿತ್ತು. ಅವರು ಅಟ್ಟದಿಂದ ಪುಸ್ತಕ ಇಳಿಸಿದ ದಿನವೇ ಕ್ಷಮಿಸಿದ್ದರು. ಓದಲು ಕೊಡಲಿಲ್ಲ, ಅಷ್ಟೇ.

ಮಗಳು ಪಕ್ಕಕ್ಕೆ ಬಂದು ಕೂತಳು. "ನಾನು ಅಜ್ಜಿ ಹೇಳಿದ್ದನ್ನೇ ನಂಬ್ಕೊಂಡಿರ್ತೀನಿ ಬಿಡಮ್ಮ" ಎಂದಳು.

"ಬೇಡ ಕಣೆ," ಎಂದೆ. "ನೀನು ನಾನು ಹೇಳಿದ್ದನ್ನ ನಂಬು. ಅಜ್ಜಿ ಹೇಳಿದ್ದು ನನಗಿರಲಿ."